ಕುಸ್ಟೋ, ಚಳಿ ಮತ್ತು ನನ್ನ ಅಳತೆಗೆ ಬರದ ವೆಟ್‌ಸೂಟ್

ನಮ್ಮೂರು ಹಂಗಳ. ಗುಂಡ್ಲುಪೇಟೆಯಿಂದ ಬಂಡೀಪುರ, ಊಟಿ ಕಡೆಗೆ ಹೋಗೋರೆಲ್ಲ ನಮ್ಮೂರ ಮೇಲೇ ಹೋಗ್ತಾರೆ. ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗೋದೂ ಇಲ್ಲೇ. ಬೆಟ್ಟ ಇದೆ, ಕಾಡಿದೆ, ಆನೆ ಇದೆ, ಆದ್ರೆ ಸಮುದ್ರಕ್ಕೂ ನಮಗೂ ಯಾವ ಸಂಬಂಧಾನೂ ಇಲ್ಲ. ನಾನು ಈಜು ಕಲ್ತಿದ್ದು ಮಾವನ ತೋಟದ ಬಾವೀಲಿ, ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಕೊಂಡು. ಎತ್ತರ ಆರಡಿ ಎರಡಿಂಚು, ತೂಕ ಅರವತ್ತು ಕೆಜಿ. ಅಜ್ಜಿ ನನ್ನನ್ನ ಗಳ ಅಂತಾನೇ ಕರೆಯೋದು.

ಕಳೆದ ಸೆಮಿಸ್ಟರ್ ರಜೇಲಿ ನಾವು ಐದು ಜನ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ ಹೋಗಿದ್ವಿ. ಎಲ್ಲರಿಗೂ ಒಂದೊಂದು ವೆಟ್‌ಸೂಟ್ ಕೊಟ್ರು. ನನ್ನ ಎದೆಗೆ ಸರಿಯಾದದ್ದು ಮೊಣಕಾಲಿನ ಕೆಳಗೇ ಮುಗಿದುಹೋಯ್ತು. ಉದ್ದಕ್ಕೆ ಸರಿಯಾದದ್ದು ಹೊಟ್ಟೆ ಹತ್ರ ಅಕ್ಕಿ ಮೂಟೆ ಥರ ಜೋತಾಡ್ತಿತ್ತು. ಕಾಲು ಮುಚ್ಚಲಿ ಅಂತ ಎರಡನೇದನ್ನೇ ಹಾಕ್ಕೊಂಡೆ. ನೀರಿಗಿಳಿದು ಇಪ್ಪತ್ತು ನಿಮಿಷ ಆಗೋದ್ರೊಳಗೆ ಹಲ್ಲು ಕಟಕಟ ಅಂತಿತ್ತು. ಉಳಿದ ನಾಲ್ಕು ಜನ ಮೀನು ನೋಡ್ಕೊಂಡು ಆರಾಮಾಗಿದ್ರು. ನೀರು ಎಲ್ಲರಿಗೂ ಒಂದೇ, ನನಗೊಬ್ಬನಿಗೇ ಯಾಕೆ ಚಳಿ?

ಈ ಪ್ರಶ್ನೆ ಹಿಡ್ಕೊಂಡು ಹಾಸ್ಟೆಲ್‌ಗೆ ಬಂದು ಓದೋಕೆ ಕೂತಾಗ ಸಿಕ್ಕಿದ್ದು ಜಾಕ್ ಕುಸ್ಟೋ ಅವರ ಕಥೆ. ಕೆಂಪು ಉಣ್ಣೆ ಟೋಪಿ, ಉದ್ದ ಮೂಗು, ಒಣಕಲು ಮೈ. ಅವರ ಫೋಟೋ ನೋಡಿದ ತಕ್ಷಣ, ಇವರು ನಮ್ಮ ಜಾತಿಯವರೇ, ಅಂದ್ರೆ ಸಣಕಲರ ಜಾತಿ, ಅಂತ ಅನ್ನಿಸ್ತು.

ಪೈಲಟ್ ಆಗಬೇಕಿದ್ದವರು

ಜಾಕ್ ಈವ್ ಕುಸ್ಟೋ ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಬೋರ್ಡೋ ಹತ್ತಿರದ ಒಂದು ಸಣ್ಣ ಊರಲ್ಲಿ. ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗ. ಆದ್ರೂ ಈಜು ಬಿಡಲಿಲ್ಲ. ಅಪ್ಪನ ಕೆಲಸದಿಂದಾಗಿ ಕುಟುಂಬ ಸ್ವಲ್ಪ ಕಾಲ ಅಮೆರಿಕದಲ್ಲಿತ್ತು. ಅಲ್ಲಿ ಬೇಸಿಗೆ ಶಿಬಿರಕ್ಕೆ ಹೋದಾಗ ಕೆರೆಯ ತಳದಲ್ಲಿ ಬಿದ್ದಿದ್ದ ಕೊಂಬೆಗಳನ್ನ ತೆಗೆಯೋ ಕೆಲಸ ಸಿಕ್ತು. ಉಸಿರು ಬಿಗಿಹಿಡಿದು ಮುಳುಗೋದನ್ನ ಶುರು ಮಾಡಿದ್ದು ಅಲ್ಲೇ.

ಓದಿನಲ್ಲಿ ಅಂಥಾ ಮನಸ್ಸಿರಲಿಲ್ಲ. ಯಂತ್ರ ಅಂದ್ರೆ ಮಾತ್ರ ಪ್ರಾಣ. ಹದಿಹರೆಯದಲ್ಲಿ ಉಳಿಸಿದ ದುಡ್ಡಲ್ಲಿ ಸಿನಿಮಾ ಕ್ಯಾಮೆರಾ ತಗೊಂಡು, ಮೊದಲು ಮಾಡಿದ ಕೆಲಸ ಅದನ್ನ ಬಿಚ್ಚಿ ನೋಡಿದ್ದು. ಶಾಲೆಯ ಕಿಟಕಿ ಗಾಜು ಒಡೆದು ಹೊರಗೆ ಹಾಕಿಸ್ಕೊಂಡು, ಕೊನೆಗೆ ಕಟ್ಟುನಿಟ್ಟಿನ ಬೋರ್ಡಿಂಗ್ ಶಾಲೆ ಸೇರಬೇಕಾಯ್ತು. 1930ರಲ್ಲಿ ಬ್ರೆಸ್ಟ್‌ನ ನೌಕಾ ಅಕಾಡೆಮಿಗೆ ಸೇರಿದರು. ಆಸೆ ಇದ್ದದ್ದು ನೌಕಾಪಡೆಯ ಪೈಲಟ್ ಆಗೋದು.

1936ರಲ್ಲಿ ಅದು ಮುಗೀತು. ಕಾರ್ ಅಪಘಾತದಲ್ಲಿ ಎರಡೂ ತೋಳು ಮುರಿದವು. ಇಪ್ಪತ್ತಾರನೇ ವಯಸ್ಸಿಗೆ ವಿಮಾನದ ಕನಸು ಹೋಯ್ತು. ತೋಳಿಗೆ ಶಕ್ತಿ ಬರಲಿ ಅಂತ ತೂಲೋನ್ ಹತ್ತಿರದ ಸಮುದ್ರದಲ್ಲಿ ಈಜೋಕೆ ಶುರು ಮಾಡಿದರು. ಜೊತೆಗಿದ್ದ ನೌಕಾಧಿಕಾರಿ ಫಿಲಿಪ್ ತಾಯೇ ಅವರಿಂದ ಈಜಿನ ಕನ್ನಡಕ ಸಿಕ್ತು. ಅದನ್ನ ಹಾಕ್ಕೊಂಡು ನೀರೊಳಗೆ ಕಣ್ಣು ಬಿಟ್ರೆ ಕಲ್ಲು, ಪಾಚಿ, ಮೀನು ಎಲ್ಲ ಸ್ಪಷ್ಟ. ತಲೆ ಎತ್ತಿದ್ರೆ ರಸ್ತೇಲಿ ಟ್ರಾಮ್, ಜನ. ಆ ದಿನದಿಂದ ಅವರ ಬದುಕು ನೀರಿನ ಕಡೆಗೆ ತಿರುಗಿತು.

ಸರಿಯಾದ ಉಸಿರು

ನೀರೊಳಗೆ ಹೆಚ್ಚು ಹೊತ್ತು ಇರೋಕೆ ಗಾಳಿ ಬೇಕು. ಆಗ ಇದ್ದ ದಾರಿ ಯಾವುದೂ ಸರಿ ಇರಲಿಲ್ಲ. ತಾಮ್ರದ ಹೆಲ್ಮೆಟ್, ಸೀಸದ ಬೂಟು ಹಾಕ್ಕೊಂಡ್ರೆ ಮೇಲಿಂದ ಪೈಪಲ್ಲಿ ಗಾಳಿ ಬರ್ತಿತ್ತು, ಆದ್ರೆ ದಾರ ಕಟ್ಟಿದ ಕರು ಥರ ಅಷ್ಟರಲ್ಲೇ ಸುತ್ತಬೇಕು. ಬೆನ್ನಿಗೆ ಕಟ್ಟಿಕೊಳ್ಳೋ ಸಿಲಿಂಡರ್ ಕೂಡ ಬಂದಿತ್ತು, ಆದ್ರೆ ಗಾಳಿ ಒಂದೇ ಸಮನೆ ಸುರೀತಿತ್ತು, ವಾಲ್ವನ್ನ ಕೈಯಲ್ಲಿ ತಿರುಗಿಸ್ತಾ ಇರಬೇಕು, ಬೇಗ ಖಾಲಿ. ಕುಸ್ಟೋ ಶುದ್ಧ ಆಮ್ಲಜನಕದ ಉಪಕರಣವನ್ನೂ ಪ್ರಯೋಗ ಮಾಡಿದರು. ಸುಮಾರು 14 ಮೀಟರ್ ಆಳದಲ್ಲಿ ಮೈ ಸೆಟೆದು ಫಿಟ್ಸ್ ಬಂತು. ಬದುಕಿದ್ದೇ ಹೆಚ್ಚು. ಆಳದಲ್ಲಿ ಶುದ್ಧ ಆಮ್ಲಜನಕ ವಿಷ ಅನ್ನೋದನ್ನ ಅವರು ತಮ್ಮ ಮೈಯಲ್ಲೇ ಕಲಿತರು.

ಬೇಕಾಗಿದ್ದದ್ದು ಒಂದೇ: ಡೈವರ್ ಉಸಿರು ಎಳೆದಾಗ ಮಾತ್ರ, ಆ ಆಳದ ನೀರಿನ ಪ್ರೆಶರ್ ಎಷ್ಟಿದೆಯೋ ಅಷ್ಟೇ ಪ್ರೆಶರ್‌ನಲ್ಲಿ ಗಾಳಿ ಕೊಡೋ ವಾಲ್ವ್. ಪ್ರತಿ 10 ಮೀಟರ್ ಇಳಿದ್ರೆ ಒಂದು ಅಟ್ಮಾಸ್ಫಿಯರ್ ಪ್ರೆಶರ್ ಜಾಸ್ತಿ ಆಗತ್ತೆ ಅಂತ ನಾವು ಫ್ಲೂಯಿಡ್ ಮೆಕ್ಯಾನಿಕ್ಸಲ್ಲಿ ಓದ್ತೀವಿ. ಗಾಳಿಯ ಪ್ರೆಶರ್ ಅದಕ್ಕಿಂತ ಕಮ್ಮಿಯಾದ್ರೆ ಎದೆ ಉಬ್ಬಲ್ಲ, ಜಾಸ್ತಿಯಾದ್ರೆ ಶ್ವಾಸಕೋಶಕ್ಕೇ ಅಪಾಯ.

ಆ ವಾಲ್ವ್ ಸಿಕ್ಕಿದ್ದು ಕಾರಿನಿಂದ! 1937ರಲ್ಲಿ ಕುಸ್ಟೋ ಮದುವೆಯಾದ ಸಿಮೋನ್ ಮೆಲ್ಶಿಯೋರ್ ಅವರ ಅಪ್ಪ ಏರ್ ಲಿಕ್ವಿಡ್ ಅನ್ನೋ ಗ್ಯಾಸ್ ಕಂಪನಿಯಲ್ಲಿ ದೊಡ್ಡ ಹುದ್ದೇಲಿದ್ದರು. ಮಾವನ ಮೂಲಕ 1942ರ ಕೊನೆಯಲ್ಲಿ ಎಮಿಲ್ ಗಾನ್ಯಾನ್ ಅನ್ನೋ ಎಂಜಿನಿಯರ್ ಪರಿಚಯ ಆಯ್ತು. ಎರಡನೇ ಮಹಾಯುದ್ಧದ ಕಾಲ, ಜರ್ಮನ್ನರು ಪ್ಯಾರಿಸ್‌ನಲ್ಲಿ ಕೂತಿದ್ದರು, ಪೆಟ್ರೋಲ್ ಇಲ್ಲ. ಕಾರುಗಳನ್ನ ಗ್ಯಾಸಲ್ಲಿ ಓಡಿಸೋಕೆ ಗಾನ್ಯಾನ್ ಒಂದು ವಾಲ್ವ್ ಮಾಡಿದ್ದರು. ಎಂಜಿನ್ ಕೇಳಿದಷ್ಟು ಗ್ಯಾಸನ್ನ ಮಾತ್ರ ಬಿಡೋ ವಾಲ್ವ್. ಎಂಜಿನ್ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟು ನೋಡಿ, ಲೆಕ್ಕ ಅದೇ.

ಕೆಲವೇ ವಾರದಲ್ಲಿ ಮಾದರಿ ಸಿದ್ಧ ಆಯ್ತು. ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ, ಚಳಿಗಾಲದಲ್ಲಿ, ಕುಸ್ಟೋ ಅದನ್ನ ಕಟ್ಕೊಂಡು ಇಳಿದರು. ಅಡ್ಡ ಮಲಗಿ ಈಜಿದ್ರೆ ಚೆನ್ನಾಗಿ ಕೆಲಸ ಮಾಡ್ತು. ನೆಟ್ಟಗೆ ನಿಂತ್ರೆ ಗಾಳಿ ಸುಮ್ನೆ ಬುಳುಬುಳು ಅಂತ ಪೋಲಾಗ್ತಿತ್ತು. ತಲೆಕೆಳಗಾದ್ರೆ ಉಸಿರೇ ಬರ್ತಿರಲಿಲ್ಲ. ಬೇಜಾರಲ್ಲಿ ಇಬ್ಬರೂ ಕಾರ್ ಹತ್ತಿ ವಾಪಸ್ ಹೊರಟರು. ದಾರೀಲಿ ಮಾತಾಡ್ತಾ ಮಾತಾಡ್ತಾ ಕಾರಣ ಹೊಳೀತು. ಗಾಳಿ ಒಳಗೆ ಬರೋ ಜಾಗ ಮತ್ತು ಹೊರಗೆ ಹೋಗೋ ಜಾಗದ ನಡುವೆ ಒಂದು ಗೇಣಿಗಿಂತ ಕಮ್ಮಿ ಅಂತರ ಇತ್ತು. ನಿಂತಾಗ ಹೊರಗೆ ಹೋಗೋ ವಾಲ್ವ್ ಮೇಲಿರತ್ತೆ, ಅಲ್ಲಿ ನೀರಿನ ಪ್ರೆಶರ್ ಸ್ವಲ್ಪ ಕಮ್ಮಿ, ಹಾಗಾಗಿ ಗಾಳಿ ಆ ಕಡೆ ಓಡತ್ತೆ. ತಲೆಕೆಳಗಾದಾಗ ಉಲ್ಟಾ. ಎರಡನ್ನೂ ಒಂದೇ ಮಟ್ಟದಲ್ಲಿಟ್ರೆ ಸಮಸ್ಯೆ ಮುಗೀತು. ಲ್ಯಾಬಲ್ಲಿ ಮ್ಯಾನೋಮೀಟರ್ ಓದುವಾಗ ನಾನು ಕೆಲವು ಸೆಂಟಿಮೀಟರ್ ಹೆಚ್ಚುಕಮ್ಮಿ ಬರೆದು ಏನಾಗತ್ತೆ ಬಿಡು ಅಂದುಕೊಳ್ತೀನಿ. ಈ ಕಥೆ ಓದಿದ ಮೇಲೆ ಹಾಗೆ ಬರೆಯೋಕೆ ಕೈ ಬರ್ತಿಲ್ಲ.

1943ರ ಬೇಸಿಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಆಕ್ವಾಲಂಗ್ ಗೆದ್ದಿತು. ಕುಸ್ಟೋ ಕೆಳಗೆ ಮೀನಿನ ಥರ ಪಲ್ಟಿ ಹೊಡೀತಿದ್ರೆ, ಸಿಮೋನ್ ಮೇಲೆ ತೇಲ್ತಾ ಕಾವಲು ಕಾಯ್ತಿದ್ದರು. ನೇತ್ರಾಣಿಯಲ್ಲಿ ನನ್ನ ಬಾಯಿಗೆ ಕೊಟ್ಟ ರೆಗ್ಯುಲೇಟರ್ ಆ ವಾಲ್ವಿನ ಮೊಮ್ಮಗ.

ಚಳಿ ಅನ್ನೋ ಗೋಡೆ

ಉಸಿರಿನ ಸಮಸ್ಯೆ ಮುಗಿದ ಕೂಡಲೇ ಮುಂದಿನದು ಎದುರಾಯ್ತು. ಚಳಿ. ಚಳಿಗಾಲದಲ್ಲಿ ಮೆಡಿಟರೇನಿಯನ್ ನೀರು ಸುಮಾರು 13 ಡಿಗ್ರಿಗೆ ಇಳಿಯತ್ತೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಚೆನ್ನಾಗಿ ಶಾಖವನ್ನ ಸಾಗಿಸತ್ತೆ. ಹಾಗಾಗಿ ನಮ್ಮ ಅರಬ್ಬೀ ಸಮುದ್ರದ 27-28 ಡಿಗ್ರಿ ನೀರೂ 37 ಡಿಗ್ರಿ ಮೈಯಿಂದ ಶಾಖ ಎಳೀತಾನೇ ಇರತ್ತೆ. ದಪ್ಪ ಇರೋರಿಗೆ ಚರ್ಮದ ಕೆಳಗಿನ ಕೊಬ್ಬೇ ಕಂಬಳಿ. ಉದ್ದ ಸಣ್ಣ ಇರೋರಿಗೆ ತೂಕ ಕಮ್ಮಿ, ಅದಕ್ಕೆ ಹೋಲಿಸಿದ್ರೆ ಚರ್ಮದ ವಿಸ್ತೀರ್ಣ ಜಾಸ್ತಿ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಅರ್ಥ ಆಗತ್ತೆ: ನಾವು ನಡೆದಾಡೋ ಕೂಲಿಂಗ್ ಫಿನ್‌ಗಳು.

ಆ ಕಾಲದ ಈಜುಗಾರರು ಮೈಗೆ ಗ್ರೀಸ್ ಬಳ್ಕೊಳ್ತಿದ್ದರು. ಅದರಿಂದ ಪ್ರಯೋಜನ ಇಲ್ಲ ಅಂತ ಕುಸ್ಟೋ ಕಂಡುಕೊಂಡರು. ನೀರಲ್ಲಿ ಗ್ರೀಸ್ ತೊಳೆದುಹೋಗಿ ತೆಳು ಪದರ ಮಾತ್ರ ಉಳಿಯತ್ತೆ. ಯುದ್ಧಕ್ಕೆ ಮುಂಚಿನಿಂದಲೂ ಅವರು ತಾವೇ ರಬ್ಬರ್ ಬಟ್ಟೆ ಮಾಡಿ ನೋಡ್ತಿದ್ದರು. ಒಳಗೆ ಗಾಳಿ ಇಟ್ಟರೆ ಬೆಚ್ಚಗಿರತ್ತೆ, ಆದ್ರೆ ಗಾಳಿ ಮೇಲಕ್ಕೆ ಎತ್ತತ್ತೆ. ಕೆಳಗಿಳಿದ್ರೆ ಅದೇ ಗಾಳಿ ಪ್ರೆಶರ್‌ಗೆ ಕುಗ್ಗಿ ರಬ್ಬರ್ ಮೈಗೆ ಅಂಟ್ಕೊಳ್ಳತ್ತೆ. 1946ರ ಹೊತ್ತಿಗೆ ಒಳಗಿನ ಗಾಳಿಯ ಗಾತ್ರವನ್ನ ಒಂದೇ ಸಮ ಇಡೋ ಡ್ರೈಸೂಟ್ ರೂಪಿಸಿದರು. ನೀರು ಒಳಗೆ ಬರಲೇಬಾರದು ಅನ್ನೋದು ಅದರ ಹಿಂದಿನ ಯೋಚನೆ.

ಈ ಯೋಚನೆಯನ್ನೇ ತಿರುಗಿಸಿ ಹಾಕಿದ್ದು ಅಮೆರಿಕದ ಬರ್ಕ್‌ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಯುದ್ಧದಲ್ಲಿ ಲಾಸ್ ಅಲಮಾಸ್‌ನಲ್ಲಿ ಪರಮಾಣು ಬಾಂಬಿನ ಯೋಜನೆಯಲ್ಲಿ ಕೆಲಸ ಮಾಡಿದ್ದವರು. 1950ರ ದಶಕದ ಶುರುವಿನಲ್ಲಿ ಅವರಿಗೆ ಹೊಳೆದದ್ದು ಏನಂದ್ರೆ, ಡೈವರ್ ಒಣಗಿರಬೇಕಾಗಿಲ್ಲ, ಬೆಚ್ಚಗಿದ್ರೆ ಸಾಕು. ಸಣ್ಣ ಸಣ್ಣ ಗ್ಯಾಸ್ ಗುಳ್ಳೆಗಳಿರೋ ನಿಯೋಪ್ರೀನ್ ಫೋಮಲ್ಲಿ ಬಟ್ಟೆ ಹೊಲಿದ್ರೆ, ಆ ಗುಳ್ಳೆಗಳೇ ಶಾಖವನ್ನ ತಡೀತವೆ. ಒಳಗೆ ಸೇರಿದ ತೆಳ್ಳನೆ ನೀರಿನ ಪದರವನ್ನ ಮೈಯೇ ಬಿಸಿ ಮಾಡ್ಕೊಳ್ಳತ್ತೆ. ಅದೇ ವೆಟ್‌ಸೂಟ್. ಬ್ರಾಡ್ನರ್ ಇದರಿಂದ ಶ್ರೀಮಂತರಾಗಲಿಲ್ಲ, ಪೇಟೆಂಟ್ ಅವರ ಕೈಗೆ ಬರಲಿಲ್ಲ. ಆದ್ರೆ ಮುಂದೆ ಕುಸ್ಟೋ ತಂಡದವರೂ ಸೇರಿದಂತೆ ಜಗತ್ತಿನ ಡೈವರ್‌ಗಳೆಲ್ಲ ನಿಯೋಪ್ರೀನಿಗೇ ಬಂದರು.

ಇಲ್ಲೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಒಳಗಿನ ನೀರು ಅಲ್ಲೇ ನಿಂತರೆ ಮಾತ್ರ ಬೆಚ್ಚಗಿರೋದು. ನನ್ನ ಸೂಟಿನ ಹೊಟ್ಟೆ, ಬೆನ್ನು ಜೋತಾಡ್ತಿತ್ತಲ್ಲ, ಪ್ರತಿ ಸಲ ಕಾಲು ಬಡಿದಾಗ ಅದು ಪಂಪ್ ಥರ ಬಿಸಿ ನೀರನ್ನ ಹೊರಗೆ ತಳ್ಳಿ ತಣ್ಣನೆಯದನ್ನ ಒಳಗೆ ಎಳ್ಕೊಳ್ತಿತ್ತು. ಇಪ್ಪತ್ತು ನಿಮಿಷ ನಾನು ಅರಬ್ಬೀ ಸಮುದ್ರವನ್ನ ಬಿಸಿ ಮಾಡೋ ಕೆಲಸ ಮಾಡಿದ್ದೆ.

ಕ್ಯಾಲಿಪ್ಸೋ ಮತ್ತು ಅದರ ಬೆಲೆ

ಆಕ್ವಾಲಂಗ್ ಬಂದ ಮೇಲೂ ಸಮುದ್ರ ಸುಲಭವಾಗಲಿಲ್ಲ. 1946ರಲ್ಲಿ ಕುಸ್ಟೋ ಮತ್ತು ಗೆಳೆಯ ಫ್ರೆಡರಿಕ್ ದ್ಯೂಮಾ ದಕ್ಷಿಣ ಫ್ರಾನ್ಸಿನ ವೊಕ್ಲೂಸ್ ಅನ್ನೋ ಆಳವಾದ ಬುಗ್ಗೆಗೆ ಇಳಿದು ಸಾಯೋದರಲ್ಲಿದ್ದರು. ಆಮೇಲೆ ಗೊತ್ತಾಯ್ತು, ಸಿಲಿಂಡರ್ ತುಂಬಿದ ಕಂಪ್ರೆಸರ್ ತನ್ನದೇ ಹೊಗೆಯನ್ನ ಒಳಗೆ ಎಳ್ಕೊಂಡಿತ್ತು. 1947ರಲ್ಲಿ ತಂಡದ ಮೋರಿಸ್ ಫಾರ್ಗ್ ಸುಮಾರು 120 ಮೀಟರ್ ಆಳ ಮುಟ್ಟೋ ಪ್ರಯತ್ನದಲ್ಲಿ ತೀರಿಕೊಂಡರು. ಆಳದಲ್ಲಿ ನೈಟ್ರೋಜನ್ ತಲೆಗೇರತ್ತೆ, ಕುಡಿದವರ ಥರ ಮಂಪರು ಕವಿಯತ್ತೆ.

1950ರಲ್ಲಿ ಗಿನ್ನೆಸ್ ಮನೆತನದ ಒಬ್ಬರು ಕ್ಯಾಲಿಪ್ಸೋ ಅನ್ನೋ ಹಡಗನ್ನ ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕೊಟ್ಟರು. ಯುದ್ಧದಲ್ಲಿ ಸಮುದ್ರದ ಮೈನ್ ಬಾಚೋ ಕೆಲಸಕ್ಕೆ ಕಟ್ಟಿದ ಮರದ ಹಡಗು, ಆಮೇಲೆ ಮಾಲ್ಟಾದಲ್ಲಿ ಜನರನ್ನ ದಾಟಿಸ್ತಿತ್ತು. ಅದನ್ನ ಸಂಶೋಧನೆಗೆ ಸಜ್ಜು ಮಾಡೋಕೆ ಸಿಮೋನ್ ತಮ್ಮ ಒಡವೆ ಮಾರಿದರು. ಮುಂದಿನ ಕಾಲದಲ್ಲಿ ಆ ಹಡಗಲ್ಲಿ ಕುಸ್ಟೋಗಿಂತ ಹೆಚ್ಚು ದಿನ ಇದ್ದದ್ದೂ ಅವರೇ. ಕ್ಯಾಮೆರಾ ಮುಂದೆ ಬಂದದ್ದು ಮಾತ್ರ ಅಪರೂಪ.

1956ರಲ್ಲಿ ಲೂಯಿ ಮಾಲ್ ಜೊತೆ ಮಾಡಿದ ಮೌನ ಪ್ರಪಂಚದ ಸಿನಿಮಾ ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿ ತಗೊಂಡಿತು, ಮುಂದೆ ಆಸ್ಕರ್ ಕೂಡ. ನೀರೊಳಗಿನ ಬಣ್ಣ ನೋಡಿ ಜಗತ್ತು ಬೆರಗಾಯ್ತು. ನಮ್ಮಲ್ಲಿ ಗಂಧದಗುಡಿಯಲ್ಲಿ ಅಪ್ಪು ನೇತ್ರಾಣಿಯಲ್ಲಿ ಇಳಿದಾಗ ಆದ ಥರಾನೇ.

ಆದ್ರೆ ಆ ಫ್ರೆಂಚ್ ಸಿನಿಮಾವನ್ನ ಈಗ ನೋಡಿದ್ರೆ ಹೊಟ್ಟೆ ಹಿಂಡತ್ತೆ. ಮೀನಿನ ಲೆಕ್ಕ ತಗೊಳ್ಳೋಕೆ ಹವಳದ ದಿಬ್ಬಕ್ಕೆ ಡೈನಮೈಟ್ ಇಡ್ತಾರೆ. ಹಡಗಿನ ಪ್ರೊಪೆಲ್ಲರ್‌ಗೆ ಸಿಕ್ಕಿ ಗಾಯವಾದ ತಿಮಿಂಗಿಲದ ಮರಿಯನ್ನ ಕೊಲ್ತಾರೆ, ಅದನ್ನ ತಿನ್ನೋಕೆ ಬಂದ ಶಾರ್ಕ್‌ಗಳನ್ನ ಸಿಟ್ಟಲ್ಲಿ ಹೊಡೆದು ಹಾಕ್ತಾರೆ. ಸಮುದ್ರ ಎಷ್ಟು ತಗೊಂಡ್ರೂ ಮುಗಿಯಲ್ಲ ಅಂತ ನಂಬಿದ್ದ ಕಾಲ ಅದು. ಮುಂದೆ ಅವರ ಕೆಲವು ಸಂಶೋಧನೆಗೆ ತೈಲ ಕಂಪನಿಗಳ ದುಡ್ಡೂ ಬಂದಿತ್ತು. ಇದನ್ನೆಲ್ಲ ಮುಚ್ಚಿಟ್ಟು ಅವರನ್ನ ಬರೀ ದೇವರು ಮಾಡೋದು ಸರಿ ಅಲ್ಲ.

1962, 1963, 1965ರಲ್ಲಿ ಸಮುದ್ರದ ತಳದಲ್ಲೇ ಮನೆ ಕಟ್ಟಿ ಜನರನ್ನ ಇರಿಸೋ ಪ್ರಯೋಗ ಮಾಡಿದರು. ಮೊದಲು 10 ಮೀಟರ್ ಆಳದಲ್ಲಿ ಇಬ್ಬರು, ಒಂದು ವಾರ. ಕೊನೆಯದು ಸುಮಾರು 100 ಮೀಟರ್ ಆಳದಲ್ಲಿ ಆರು ಜನ, ಮೂರು ವಾರ. ಮನುಷ್ಯ ಸಮುದ್ರದಲ್ಲಿ ಊರು ಕಟ್ಟಬಹುದು ಅನ್ನೋ ಆಸೆ. ಆಮೇಲೆ ಅದನ್ನ ಅವರೇ ಬಿಟ್ಟರು.

ಯಾಕಂದ್ರೆ ಅಷ್ಟರಲ್ಲಿ ಅವರ ಕಣ್ಣಿಗೆ ಬೇರೇನೋ ಕಾಣ್ತಿತ್ತು. ಮೊದಲು ಇಳಿದ ಜಾಗಗಳಿಗೆ ಮತ್ತೆ ಹೋದಾಗ ಮೀನು ಕಮ್ಮಿ, ಕಸ ಜಾಸ್ತಿ. 1960ರಲ್ಲೇ ಮೆಡಿಟರೇನಿಯನ್‌ಗೆ ಪರಮಾಣು ತ್ಯಾಜ್ಯ ಸುರಿಯೋದರ ವಿರುದ್ಧ ನಿಂತಿದ್ದರು. 1973ರಲ್ಲಿ ಸಮುದ್ರ ರಕ್ಷಣೆಗೆ ಸೊಸೈಟಿ ಕಟ್ಟಿದರು. ಎಂಬತ್ತರ ವಯಸ್ಸಲ್ಲಿ ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡ ಅಂತ ಊರೂರು ಸುತ್ತಿದರು. 1991ರಲ್ಲಿ ಅದನ್ನ ನಿಷೇಧಿಸೋ ಒಪ್ಪಂದಕ್ಕೆ ಸಹಿ ಬಿತ್ತು.

ಸ್ವಂತ ಬದುಕಿನಲ್ಲಿ ಪೆಟ್ಟು ಮೇಲೆ ಪೆಟ್ಟು ಬಿತ್ತು. ಜೊತೇಲೇ ಸಿನಿಮಾ ಮಾಡ್ತಿದ್ದ ಕಿರಿಯ ಮಗ ಫಿಲಿಪ್ 1979ರಲ್ಲಿ ಲಿಸ್ಬನ್ ಹತ್ತಿರ ನೀರಿಗಿಳಿಯೋ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡ. 1990ರಲ್ಲಿ ಸಿಮೋನ್ ಹೋದರು. 1996ರಲ್ಲಿ ಸಿಂಗಪುರದ ಬಂದರಲ್ಲಿ ಬಾರ್ಜ್ ಬಡಿದು ಕ್ಯಾಲಿಪ್ಸೋ ಮುಳುಗಿತು. ಮರುವರ್ಷ, 1997ರ ಜೂನ್ 25ರಂದು, ಎಂಬತ್ತೇಳನೇ ವಯಸ್ಸಲ್ಲಿ ಕುಸ್ಟೋ ಪ್ಯಾರಿಸ್‌ನಲ್ಲಿ ಕಣ್ಣು ಮುಚ್ಚಿದರು. ಮಣ್ಣು ಮಾಡಿದ್ದು ಹುಟ್ಟಿದೂರಲ್ಲೇ.

ಗಳದಂಥವರಿಗೆ ನಾಲ್ಕು ಮಾತು

ಅವರ ಬದುಕಿನಲ್ಲಿ ನಂಗೆ ಕಂಡಿದ್ದು ಒಂದೇ ವಿಷಯ, ಅಳತೆ. ಮೊದಲು ಗಾಳಿಯನ್ನ ಎದೆಯ ಅಳತೆಗೆ ತಂದರು. ಬಟ್ಟೆಯನ್ನ ಮೈಯ ಅಳತೆಗೆ ತರೋಕೆ ಒದ್ದಾಡಿದರು. ಕೊನೆಗೆ, ಮನುಷ್ಯನ ಆಸೆಯನ್ನ ಸಮುದ್ರದ ಅಳತೆಗೆ ತರಬೇಕು ಅಂತ ಹೇಳ್ತಾ ತಿರುಗಿದರು. ಮೂರನೇದು ಎಲ್ಲಕ್ಕಿಂತ ಕಷ್ಟ, ಅದಕ್ಕೆ ಅವರಿಗೂ ಅರ್ಧ ಆಯಸ್ಸು ಬೇಕಾಯ್ತು.

ಎರಡನೇದರ ಬಗ್ಗೆ ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಕಾಲೇಜಲ್ಲಿ ನನ್ನಂಥ ಉದ್ದ ಸಣ್ಣ ಇರೋರು ಯಾರಾದ್ರೂ ಡೈವಿಂಗ್‌ಗೆ ಹೋದ್ರೆ, ಬರೀ ಎತ್ತರ ಹೇಳಿ ಸೂಟ್ ಕೇಳಬೇಡಿ. ಎದೆ, ಸೊಂಟದ ಸುತ್ತಳತೆ ಮತ್ತು ತೂಕಾನೂ ಹೇಳಿ. ಉದ್ದಕ್ಕೂ ಮೈಗೂ ಎರಡಕ್ಕೂ ಹೊಂದೋದು ಸಿಗದಿದ್ರೆ ಮೈಗೆ ಹೊಂದೋದನ್ನೇ ತಗೊಳ್ಳಿ. ಕಾಲು ನಾಲ್ಕು ಇಂಚು ಗಿಡ್ಡ ಆದ್ರೂ ಪರವಾಗಿಲ್ಲ, ಎದೆ ಬೆನ್ನು ಸಡಿಲ ಇರಬಾರದು. ಆದ್ರೆ ಗಿಡ್ಡ ಸೂಟ್ ಭುಜವನ್ನ ಕೆಳಗೆ ಜಗ್ಗಬಾರದು, ಹಾಗೆ ಜಗ್ಗಿದ್ರೆ ಮೊಣಕಾಲವರೆಗಿನ ಗಿಡ್ಡ ಸೂಟೇ ವಾಸಿ. ಹಾಕ್ಕೊಂಡ ಮೇಲೆ ಕೈ ಮೇಲೆತ್ತಿ, ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಿ. ಬೆನ್ನಿನ ಕೆಳಗಿನ ತಗ್ಗು, ಕಂಕುಳು, ಕತ್ತು, ಈ ಮೂರು ಕಡೆ ಬಟ್ಟೆ ಮುಷ್ಟಿಗೆ ಸಿಗೋ ಹಾಗಿದ್ರೆ ನೀರು ಅಲ್ಲೇ ಓಡಾಡತ್ತೆ. ಬಿಗಿ ಇರಬೇಕು, ಆದ್ರೆ ತುಂಬು ಉಸಿರು ಎಳ್ಕೊಳ್ಳೋಕೆ ತೊಂದರೆ ಆಗಬಾರದು. ಸ್ವಲ್ಪ ಸಡಿಲ ಇದ್ರೆ ಒಳಗೊಂದು ಮೈಗಂಟೋ ಈಜಿನ ಅಂಗಿ ಹಾಕ್ಕೊಳ್ಳಿ. ಕೊಂಡುಕೊಳ್ಳೋರಾದ್ರೆ, ಕೆಲವು ಕಂಪನಿಗಳು ಮೀಡಿಯಂ ಟಾಲ್, ಲಾರ್ಜ್ ಟಾಲ್ ಅಂತ ಉದ್ದದವರಿಗೇ ಬೇರೆ ಸೈಜ್ ಮಾಡ್ತವೆ, ಅದನ್ನ ಕೇಳಿ. ಮತ್ತೆ ಚಳಿ ಶುರುವಾದ್ರೆ ಮರ್ಯಾದೆ ನೋಡ್ಕೊಂಡು ಸುಮ್ನಿರಬೇಡಿ, ಜೊತೆಗಿರೋ ಡೈವರ್‌ಗೆ ಕೈಸನ್ನೆ ಮಾಡಿ ಮೇಲೆ ಬನ್ನಿ. ನಾನು ಸುಮ್ನಿದ್ದೆ, ಅದು ದಡ್ಡತನ.

ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, ಬಟ್ಟೆ ಹುಡುಕೋ ಬದಲು ಎರಡು ಮುದ್ದೆ ಜಾಸ್ತಿ ಉಂಡರೆ ಆಗಲ್ವಾ ಅಂತ ಕೇಳಿದ್ರು. ಹೀಟ್ ಟ್ರಾನ್ಸ್‌ಫರ್ ಲೆಕ್ಕದಲ್ಲಿ ಅದೂ ಸರಿಯೇ. ಮುಂದಿನ ರಜೆಯೊಳಗೆ ಎರಡನ್ನೂ ಪ್ರಯತ್ನ ಮಾಡ್ತೀನಿ.